‘ದಾಖಲೆ ಲಭ್ಯವಿಲ್ಲ’ ಎಂದು ಬರೆಯುವವರಿಗೆ

ಡೇಟಾಬೇಸಿನಿಂದ ದಾಖಲೆ ತೆಗೆದು ವೆಬ್ ಪುಟಕ್ಕೆ ಬಡಿಸುವ ಕೆಲಸಕ್ಕೆ ಹೊಸದಾಗಿ ಸೇರಿರುವ ತಮ್ಮಂದಿರಿಗೆ, ತಂಗಿಯರಿಗೆ,



ನಿಮ್ಮ ಪುಟದಲ್ಲಿ ‘ದಾಖಲೆ ಲಭ್ಯವಿಲ್ಲ’ ಎಂಬ ಒಂದು ಸಾಲು ಇದ್ದೇ ಇರುತ್ತದೆ. ಅದನ್ನು ಬರೆದವರು ಯಾರು ಅಂತ ಎಂದಾದರೂ ಕೇಳಿಕೊಂಡಿದ್ದೀರಾ? ಬಹಳ ಕಡೆ ಯಾರೂ ಬರೆದಿರುವುದಿಲ್ಲ. ಹಳೇ ಪ್ರಾಜೆಕ್ಟಿನಿಂದ ಎತ್ತಿಕೊಂಡು ಬಂದ ಫೈಲಿನಲ್ಲಿ ಇಂಗ್ಲಿಷಿನಲ್ಲಿತ್ತು, ಯಾರೋ ಅವಸರದಲ್ಲಿ ಕನ್ನಡಕ್ಕೆ ತಿರುಗಿಸಿದರು, ಉಳಿದುಕೊಂಡಿತು. ಗುಂಡಿಯ ಬಣ್ಣ ಯಾವುದಿರಲಿ ಎಂದು ಎರಡು ದಿನ ಜಗಳವಾಡಿದವರು ಈ ಸಾಲಿಗೆ ಎರಡು ನಿಮಿಷ ಕೊಟ್ಟಿರುವುದಿಲ್ಲ. ನಾನೂ ಕೊಟ್ಟಿರಲಿಲ್ಲ. ಆದ್ದರಿಂದ ಈ ಪತ್ರವನ್ನು ತಪ್ಪೊಪ್ಪಿಗೆ ಎಂದೇ ಓದಿಕೊಳ್ಳಿ. ನಡುವೆ ಉಪದೇಶ ನುಸುಳಿದರೆ ಅದು ವಯಸ್ಸಿನ ದೋಷ.

12-13 ವರ್ಷದ ಹಿಂದಿನ ಮಾತು. ನಮ್ಮ ಕಡೆಯ ಒಂದು ಊರಿನ ಡೇರಿಗೆ ಪುಟ ಮಾಡಿಕೊಟ್ಟಿದ್ದೆ. ಡೇರಿ ಅಂದರೆ ಹಾಲು ಉತ್ಪಾದಕರ ಸಹಕಾರ ಸಂಘ. ಊರಲ್ಲಿ ಯಾರೂ ಅಷ್ಟುದ್ದ ಹೇಳುವುದಿಲ್ಲ. ಸುಮಾರು 180 ಜನ ಸದಸ್ಯರು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹಾಲು ಅಳೆದು ಲೀಟರು, ಫ್ಯಾಟು, ಡಿಗ್ರಿ ಬರೆದುಕೊಳ್ಳುತ್ತಿದ್ದರು. ಅದೇ ಲೆಕ್ಕ ಕಂಪ್ಯೂಟರಿಗೂ ಹೋಗುತ್ತಿತ್ತು. ಸದಸ್ಯರ ಸಂಖ್ಯೆ, ತಿಂಗಳು ಒತ್ತಿದರೆ ಆ ತಿಂಗಳ ಹಾಲಿನ ಲೆಕ್ಕ, ಬಟವಾಡೆ ಎಷ್ಟು, ಪಶು ಆಹಾರದ ಬಾಬ್ತು ಹಿಡಿದುಕೊಂಡದ್ದೆಷ್ಟು, ಎಲ್ಲ ಮೊಬೈಲಿನಲ್ಲೇ ಕಾಣುತ್ತಿತ್ತು. ಪಿಎಚ್‌ಪಿ, ಮೈಎಸ್‌ಕ್ಯೂಎಲ್. ನಾಲ್ಕು ದಿನದ ಕೆಲಸ. ಸೆಕ್ರೆಟರಿ ಕಾಫಿ ಕೊಟ್ಟು ಬೆನ್ನು ತಟ್ಟಿದ್ದರು.

ಆಗಸ್ಟ್ ಮೊದಲ ವಾರ ಒಬ್ಬ ಅಜ್ಜಿ ಡೇರಿ ಬಾಗಿಲಿಗೆ ಬಂದು ಕೂತಿತಂತೆ. ಮೊಮ್ಮಗ ಮೊಬೈಲಿನಲ್ಲಿ ನೋಡಿ, “ಅಜ್ಜಿ, ಜುಲೈ ತಿಂಗಳಲ್ಲಿ ನಿನ್ ಹೆಸ್ರೇ ಇಲ್ಲ ಅಂತೈತೆ” ಎಂದಿದ್ದಾನೆ. ಡೇರಿ ಶುರುವಾದಾಗಿನಿಂದ ಷೇರು ಕಟ್ಟಿದ ಸದಸ್ಯೆ. ಇಷ್ಟಿಷ್ಟು ದಿನ ಹಾಲು ಹಾಕದವರಿಗೆ ಚುನಾವಣೆಯಲ್ಲಿ ಮತ ಇಲ್ಲ ಎನ್ನುವ ನಿಯಮ ಡೇರಿಗಳಲ್ಲಿ ಇದೆಯಲ್ಲ, ಅದು ಆಕೆಗೂ ಗೊತ್ತು. ಸದಸ್ಯತ್ವವನ್ನೇ ಹೊಡೆದುಹಾಕಿದರು ಅಂದುಕೊಂಡಿದೆ. ಸೆಕ್ರೆಟರಿ ನನಗೆ ಫೋನ್ ಮಾಡಿ, “ಏನ್ ಸ್ವಾಮಿ, ಇದ್ದೋರನ್ನ ಇಲ್ಲ ಅನ್ಸಿದ್ದೀರಾ” ಅಂದರು.

ಆದದ್ದು ಇಷ್ಟೆ. ಆಕೆಯದ್ದು ಒಂದೇ ಹಸು. ತುಂಬು ಗಬ್ಬ. ಕರು ಹಾಕುವುದಕ್ಕೆ ಎರಡು ತಿಂಗಳು ಮುಂಚೆ ಹಾಲು ಬತ್ತಿಸುವುದು ಹಸು ಕಟ್ಟಿದವರಿಗೆಲ್ಲ ಗೊತ್ತಿರುವ ವಿಷಯ. ಜುಲೈಯಲ್ಲಿ ಆಕೆ ಒಂದು ಹೊತ್ತೂ ಹಾಲು ಹಾಕಿರಲಿಲ್ಲ. ನಾನು ಸದಸ್ಯರ ಟೇಬಲ್ಲಿಗೂ ಹಾಲಿನ ಟೇಬಲ್ಲಿಗೂ ಇನ್ನರ್ ಜಾಯಿನ್ ಹಾಕಿದ್ದೆ. ಎರಡೂ ಕಡೆ ಸಾಲಿದ್ದವರು ಮಾತ್ರ ಉಳಿಯುತ್ತಾರೆ. ಹಾಲಿನ ಟೇಬಲ್ಲಿನಲ್ಲಿ ಸಾಲಿಲ್ಲದವರು ಸದಸ್ಯರೂ ಅಲ್ಲ ಎಂದು ನನ್ನ ಕ್ವೆರಿ ತೀರ್ಮಾನಿಸಿತು. ಪುಟ ಅದನ್ನು ಸಾರಿತು.

ನೀವು ನಗುತ್ತಿರಬಹುದು. ಲೆಫ್ಟ್ ಜಾಯಿನ್ ಹಾಕಿದ್ದರೆ ಮುಗಿಯುತ್ತಿತ್ತಲ್ಲ ಅಂತ. ನಾನೂ ಹಾಗೇ ಅಂದುಕೊಂಡು ಹಾಕಿದೆ. ಅಜ್ಜಿ ಆಗಲೂ ಬರಲಿಲ್ಲ! ತಿಂಗಳು ಜುಲೈ ಎಂಬ ಷರತ್ತನ್ನು ವೇರ್‌ನಲ್ಲಿ ಬಿಟ್ಟಿದ್ದೆ. ಲೆಫ್ಟ್ ಜಾಯಿನ್ ಆಕೆಯ ಸಾಲನ್ನು ಉಳಿಸಿಕೊಂಡು ಹಾಲಿನ ಕಾಲಂಗಳಿಗೆಲ್ಲ ನಲ್ ತುಂಬಿ ಮುಂದೆ ಕಳಿಸಿತು. ಹಿಂದೆಯೇ ಬಂದ ವೇರ್, ‘ತಿಂಗಳ ಕಾಲಂನಲ್ಲಿ ಜುಲೈ ಇದೆಯೋ?’ ಎಂದು ಕೇಳಿ, ನಲ್ ಕಂಡು, ಆಚೆ ತಳ್ಳಿತು. ಒಂದು ಬಾಗಿಲಲ್ಲಿ ಕರೆದು ಇನ್ನೊಂದು ಬಾಗಿಲಲ್ಲಿ ಕಳಿಸಿದ ಹಾಗೆ. ಷರತ್ತನ್ನು ಆನ್ ಪಕ್ಕಕ್ಕೆ ಸರಿಸಿದ ಮೇಲೆ ಆಕೆಯ ಹೆಸರು ಬಂತು. ಇದನ್ನು ನನಗೆ ಯಾವ ಮೇಷ್ಟ್ರೂ ಹೇಳಿರಲಿಲ್ಲ. ಎಷ್ಟೋ ಜನ ಅನುಭವಿಗಳೂ ಇವತ್ತಿಗೂ ಇಲ್ಲಿ ಎಡವುತ್ತಾರೆ.

ನಮ್ಮ ಕೆಲಸ ಮೇಲಿಂದ ನೋಡಿದರೆ ಮೂರು ಹೆಜ್ಜೆಯದ್ದು: ಕೇಳು, ಬಂದ ಸಾಲುಗಳ ಮೇಲೆ ಒಂದು ಸುತ್ತು ಹೊಡೆ, ಮುದ್ರಿಸು. ಇದನ್ನು ಗುಮಾಸ್ತನ ಕೆಲಸ ಅಂದುಕೊಂಡು ಬೇಜಾರು ಮಾಡಿಕೊಳ್ಳುವ ಹುಡುಗರನ್ನು ನೋಡಿದ್ದೇನೆ. ಆದರೆ ವೆಬ್ ಬೆಳೆದದ್ದೇ ಈ ಗುಮಾಸ್ತಿಕೆಯಿಂದ. ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ವೆಬ್ ಕಟ್ಟಿದಾಗ ಅಲ್ಲಿಯವರನ್ನು ಅದರತ್ತ ಎಳೆದದ್ದು ಟೆಲಿಫೋನ್ ಡೈರೆಕ್ಟರಿ. ಮೇನ್‌ಫ್ರೇಮಿನೊಳಗೆ ಕೂತಿದ್ದ ನಂಬರುಗಳನ್ನು ತಮ್ಮ ಮೇಜಿನಿಂದಲೇ ಹುಡುಕಬಹುದು ಅಂತಾದ ಮೇಲೆ ವಿಜ್ಞಾನಿಗಳಿಗೆ ವೆಬ್ ಬೇಕಾಯಿತು. 1991ರ ಡಿಸೆಂಬರಿನಲ್ಲಿ ಪಾಲ್ ಕುಂಜ್ ಸ್ಟ್ಯಾನ್‌ಫರ್ಡಿನ ಸ್ಲ್ಯಾಕ್ ಪ್ರಯೋಗಾಲಯದಲ್ಲಿ ಅಮೆರಿಕದ ಮೊದಲ ವೆಬ್ ಸರ್ವರ್ ಸ್ಥಾಪಿಸಿದರಲ್ಲ, ಅದರ ಮುಖ್ಯ ಕೆಲಸವೂ ಸ್ಪೈರ್ಸ್ ಎಂಬ ಡೇಟಾಬೇಸಿನಿಂದ ಭೌತವಿಜ್ಞಾನದ ಲೇಖನಗಳ ವಿವರ ತೆಗೆದು ತೋರಿಸುವುದು. ಕೇಳಿದರೆ ಹುಡುಕಿ ಕೊಡುವ ಪುಟ ವೆಬ್ಬಿನ ಬಾಲ್ಯದಲ್ಲೇ ಇತ್ತು. ಈಗ ನೀವು ಕೂತಿರುವ ಕುರ್ಚಿ ಅದು.

ಸುತ್ತು ಹೊಡೆಯುವ ವಿಷಯಕ್ಕೆ ಬರೋಣ. ಕ್ವೆರಿ ಕೊಟ್ಟ ಸಾಲುಗಳು ಮುಗಿಯುವ ತನಕ ವೈಲ್ ಲೂಪ್ ತಿರುಗುತ್ತದೆ. ಸಾಲು ಸೊನ್ನೆಯಾದರೆ ತಿರುಗುವುದಿಲ್ಲ. ಕೆಳಗೆ ‘ದಾಖಲೆ ಲಭ್ಯವಿಲ್ಲ’. ಸರಿ. ಆದರೆ ಕ್ವೆರಿಯೇ ನಡೆಯದಿದ್ದರೆ? ಪಾಸ್‌ವರ್ಡ್ ಬದಲಾಗಿದೆ, ಡಿಸ್ಕ್ ತುಂಬಿದೆ, ಟೇಬಲ್ ಹೆಸರಲ್ಲಿ ಒಂದಕ್ಷರ ತಪ್ಪಿದೆ. ಆಗಲೂ ಲೂಪ್ ತಿರುಗುವುದಿಲ್ಲ, ಆಗಲೂ ಅದೇ ಸಾಲು. ಪಿಎಚ್‌ಪಿಯಲ್ಲಿ ಇದು ಬಹಳ ವರ್ಷ ಇದ್ದ ಪಿಡುಗು. ಕ್ವೆರಿ ಸೋತರೆ ಸುಮ್ಮನೆ ಫಾಲ್ಸ್ ಎಂದು ಕೈಗಿಟ್ಟು ಬಾಯಿ ಮುಚ್ಚಿಕೊಂಡಿರುತ್ತಿತ್ತು. ಪಿಎಚ್‌ಪಿ ಡೇಟಾಬೇಸನ್ನು ಮುಟ್ಟುವ ದಾರಿಗಳಲ್ಲಿ ಪಿಡಿಒ ತಾನಾಗಿಯೇ ಕೂಗಿ ಹೇಳಲು ಶುರುಮಾಡಿದ್ದು 2020ರ 8.0 ಆವೃತ್ತಿಯಲ್ಲಿ, ಮೈಎಸ್‌ಕ್ಯೂಎಲ್‌ಐ 2021ರ 8.1ರಲ್ಲಿ. ಅದಕ್ಕೆ ಮುಂಚಿನ ಕೋಡು ಎಷ್ಟೋ ಕಡೆ ಇನ್ನೂ ಓಡುತ್ತಿದೆ. ನಿಮ್ಮ ಕೈಗೂ ಬರುತ್ತದೆ. ಹುಡುಕಿ ಸಿಗದಿರುವುದು ಒಂದು, ಹುಡುಕಲು ಆಗದಿರುವುದು ಇನ್ನೊಂದು. ಬೀರು ತೆಗೆದು ನೋಡಿ ಇಲ್ಲ ಅನ್ನುವವನಿಗೂ, ಬೀರುವಿನ ಬೀಗದ ಕೈ ಕಳೆದುಕೊಂಡು ಇಲ್ಲ ಅನ್ನುವವನಿಗೂ ಒಂದೇ ಉತ್ತರ ಹೇಳುವ ಹಕ್ಕಿದೆಯೇ? ‘ಸರ್ವರ್ ಸಿಗುತ್ತಿಲ್ಲ. ನಿಮ್ಮ ದಾಖಲೆ ಇದೆಯೋ ಇಲ್ಲವೋ ಈಗ ಹೇಳಲಾಗುತ್ತಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನೋಡಿ.’ ಇಷ್ಟುದ್ದ ಬರೆಯಲು ಜಾಗ ಇಲ್ಲ ಎಂದು ಡಿಸೈನ್ ಮಾಡುವವರು ಹೇಳುತ್ತಾರೆ. ಜಾಗ ಮಾಡಿಸಿ.

ಇನ್ನು ಕನ್ನಡ. ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು, ಯಾಕೆಂದರೆ ಇಂಗ್ಲಿಷ್ ಪುಸ್ತಕ ನೋಡಿ ಕಲಿತು ಬಂದವರಿಗೆ ಈ ಪೆಟ್ಟು ಎಲ್ಲಿಂದ ಬಿತ್ತು ಅಂತಲೇ ತಿಳಿಯುವುದಿಲ್ಲ.

ಲಕ್ಷ್ಮಮ್ಮ ಎಂಬ ಹೆಸರು ತಗೊಳ್ಳಿ. ಬಾಯಲ್ಲಿ ಮೂರೇ ಅಕ್ಷರ: ಲ, ಕ್ಷ್ಮ, ಮ್ಮ. ಯೂನಿಕೋಡಿನಲ್ಲಿ ಒಂಬತ್ತು ಸಂಕೇತ: ಲ, ಕ, ಅರ್ಧಚಿಹ್ನೆ, ಷ, ಅರ್ಧಚಿಹ್ನೆ, ಮ, ಮ, ಅರ್ಧಚಿಹ್ನೆ, ಮ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು, ಒಟ್ಟು 27 ಬೈಟು. ಮೊಬೈಲಿನಲ್ಲಿ ಜಾಗ ಸಾಲದು, ಹೆಸರನ್ನು ಎಂಟಕ್ಕೆ ಕತ್ತರಿಸೋಣ ಅಂದರೆ ‘ಲಕ್ಷ್ಮಮ್’ ಅಂತ ಮೊಂಡಾಗುತ್ತದೆ. ಐದಕ್ಕೆ ಕತ್ತರಿಸಿದರೆ ‘ಲಕ್ಷ್’. ಪಿಎಚ್‌ಪಿಯ ಹಳೇ ಸಬ್‌ಸ್ಟ್ರಿಂಗ್ ಬಳಸಿದಿರೋ, ಅದು ಎಣಿಸುವುದು ಬೈಟು. 20ಕ್ಕೆ ಕತ್ತರಿಸಿದರೆ ಏಳನೆಯ ಸಂಕೇತದ ಕತ್ತು ಅರ್ಧಕ್ಕೆ ಕೊಯ್ದು ಕೊನೆಯಲ್ಲಿ ಒಂದು ಕಪ್ಪು ವಜ್ರಾಕೃತಿ, ಅದರೊಳಗೊಂದು ಪ್ರಶ್ನಾರ್ಥಕ ಚಿಹ್ನೆ. ಕನ್ನಡದ ಹೆಸರನ್ನು ಕತ್ತರಿಸಲೇಬೇಕಾದರೆ ಅಕ್ಷರದ ಸಂದಿಯಲ್ಲಿ ಕತ್ತರಿಸುವ ಫಂಕ್ಷನ್ ಬಳಸಿ. ಅದಕ್ಕಿಂತ ಮೇಲು, ಕತ್ತರಿಸದೆ ಎರಡನೇ ಸಾಲಿಗೆ ಬಿಡುವುದು. ಹೆಸರು ಉದ್ದವಾಗಿರುವುದು ಅವರ ತಪ್ಪಲ್ಲ.

ನಾನು ಮೊದಲ ಸಲ ಮಾಡಿದ ಟೇಬಲ್ಲಿನಲ್ಲಿ ಕನ್ನಡ ಉಳಿಯಲೇ ಇಲ್ಲ. ಮೈಎಸ್‌ಕ್ಯೂಎಲ್ ಹುಟ್ಟಿದ್ದು ಸ್ವೀಡನ್ನಿನ ಕಂಪನಿಯಲ್ಲಿ. 2018ರಲ್ಲಿ 8.0 ಬರುವ ತನಕ ನಾವು ಬೇರೆ ಹೇಳದಿದ್ದರೆ ಅದು ಲ್ಯಾಟಿನ್ ಅಕ್ಷರಗಳನ್ನೇ ಹಿಡಿದು, ಸ್ವೀಡಿಷ್ ಭಾಷೆಯ ಕ್ರಮದಲ್ಲಿ ಜೋಡಿಸುತ್ತಿತ್ತು. ನಮ್ಮೂರ ಗೌಡರನ್ನೂ ಶೆಟ್ಟರನ್ನೂ ಸ್ವೀಡನ್ನಿನ ವರ್ಣಮಾಲೆಯಲ್ಲಿ ಸಾಲಾಗಿ ನಿಲ್ಲಿಸಲು ಹೊರಟಿದ್ದೆ ಎಂದು ತಿಳಿಯುವ ಹೊತ್ತಿಗೆ ಲಕ್ಷ್ಮಮ್ಮನ ಜಾಗದಲ್ಲಿ ಒಂಬತ್ತು ಪ್ರಶ್ನಾರ್ಥಕ ಚಿಹ್ನೆ ಕೂತಿದ್ದವು. ಎಣಿಸಿ ನೋಡಿದ್ದೇನೆ, ಒಂಬತ್ತೇ. ಪುಟದಲ್ಲಿ ವಿಚಿತ್ರ ಲ್ಯಾಟಿನ್ ಅಕ್ಷರಗಳು ಸುರಿದಿದ್ದರೆ ಗಾಬರಿಯಾಗಬೇಡಿ, ಬಹಳ ಸಲ ಅದನ್ನು ತಿರುಗಿಸಿ ಕನ್ನಡ ಮಾಡಬಹುದು. ಪ್ರಶ್ನಾರ್ಥಕ ಚಿಹ್ನೆಯಾಗಿ ಟೇಬಲ್ಲಿಗೇ ಇಳಿದುಬಿಟ್ಟಿದ್ದರೆ ಮುಗಿಯಿತು, ಅಲ್ಲಿ ಹೆಸರು ಉಳಿದಿಲ್ಲ. ಕಾಗದದ ಪುಸ್ತಕ ತೆಗೆದು ಮತ್ತೆ ಕುಟ್ಟಬೇಕು. ನಾನು 180 ಹೆಸರು ಕುಟ್ಟಿದೆ.

ಕನ್ನಡ ಉಳಿಯಿತು ಅಂದುಕೊಳ್ಳಿ. ಹುಡುಕಿದರೆ ಸಿಗುತ್ತದೆಯೇ? ಬೊಮ್ಮಣ್ಣ ಎನ್ನುವಲ್ಲಿ ‘ಬೊ’ದ ಒತ್ವವನ್ನು ಯೂನಿಕೋಡಿನಲ್ಲಿ ಎರಡು ಬಗೆಯಲ್ಲಿ ಬರೆಯಬಹುದು: ಒಂದೇ ಸಂಕೇತವಾಗಿ, ಇಲ್ಲವೇ ಎತ್ವ ಮತ್ತು ಊತ್ವ ಎರಡನ್ನೂ ಸೇರಿಸಿ. ಪರದೆಯ ಮೇಲೆ ಎರಡೂ ಒಂದೇ. ಬೈಟಿಗೆ ಬೈಟು ಹೋಲಿಸುವ ಡೇಟಾಬೇಸಿಗೆ ಅವು ಇಬ್ಬರು ಬೇರೆ ಬೇರೆ ಮನುಷ್ಯರು. ನುಡಿ, ಬರಹ ತಂತ್ರಾಂಶಗಳ ಹಳೇ ಫಾಂಟುಗಳಲ್ಲಿ ಬೆರಳಚ್ಚಾದ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವಾಗ ಅಕ್ಷರದ ತುಂಡುಗಳನ್ನು ಹಾಗೆ ಹಾಗೇ ಜೋಡಿಸಿಟ್ಟ ದಾಖಲೆಗಳು ನನ್ನ ಕೈಗೆ ಬಂದಿವೆ. ಜನ ಮೊಬೈಲಿನಲ್ಲಿ ಒತ್ತುವುದು ಒಂದೇ ಸಂಕೇತದ ಒತ್ವ. ಸಿಗುವುದಿಲ್ಲ. ರಾಜ್‌ಕುಮಾರ್ ಇನ್ನೂ ಸೊಗಸು. ‘ಜ್’ ಆದ ಮೇಲೆ ‘ಕು’ ಒತ್ತಾಗಿ ಕೆಳಗಿಳಿಯದಿರಲಿ ಎಂದು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕುತ್ತೇವೆ. ಒಬ್ಬ ಡೇಟಾ ಎಂಟ್ರಿಯವನು ಅದನ್ನು ಹಾಕುತ್ತಾನೆ, ಇನ್ನೊಬ್ಬ ಸ್ಪೇಸ್ ಕೊಡುತ್ತಾನೆ, ಮತ್ತೊಬ್ಬ ಏನೂ ಹಾಕದೆ ‘ರಾಜ್ಕುಮಾರ್’ ಎಂದು ಬಿಡುತ್ತಾನೆ. ಮೂವರದ್ದೂ ಅದೇ ರಾಜಕುಮಾರ.

ಇದಕ್ಕೆ ಮದ್ದಿದೆ. ದಾಖಲೆ ಒಳಗೆ ಹೋಗುವಾಗಲೂ, ಹುಡುಕುವ ಪದ ಒಳಗೆ ಬರುವಾಗಲೂ ಎರಡನ್ನೂ ಒಂದೇ ರೂಪಕ್ಕೆ ತನ್ನಿ. ಎನ್‌ಎಫ್‌ಸಿ ಎನ್ನುವ ರೂಪ ಅದಕ್ಕೇ ಇದೆ. ಪಿಎಚ್‌ಪಿಯಲ್ಲಿ ನಾರ್ಮಲೈಸರ್ ಎಂಬ ಕ್ಲಾಸೂ ಇದೆ. ಕಾಣದ ಸಂಕೇತಗಳನ್ನು ತೆಗೆದ ಹೆಸರಿನ ಇನ್ನೊಂದು ಕಾಲಂ ಇಟ್ಟುಕೊಂಡು ಅದರಲ್ಲಿ ಹುಡುಕಿ, ತೋರಿಸುವಾಗ ಮೂಲದ ಹೆಸರನ್ನೇ ತೋರಿಸಿ. ಮಂಜುನಾಥ, ಮಂಜುನಾಥ್, ಮಂಜುನಾಥ ಟಿ.ಆರ್., ಟಿ ಆರ್ ಮಂಜುನಾಥ, ಅವುಗಳ ಹಿಂದೆ ಬಿನ್, ಮುಂದೆ ಕೋಂ... ಆ ಕಾಡಿಗೆ ನಾನು ಇಳಿಯುವುದಿಲ್ಲ. ಹೆಸರಿನಿಂದ ಹುಡುಕುವುದನ್ನೇ ಆದಷ್ಟು ತಪ್ಪಿಸಿ ಎಂದಷ್ಟೇ ಹೇಳುತ್ತೇನೆ.

ನಮ್ಮ ರಾಜ್ಯದ ಭೂಮಿ ಯೋಜನೆ ಈ ಜಾಣತನ ತೋರಿಸಿದ್ದು ನನಗೆ ಮೆಚ್ಚುಗೆ. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕೈಬರಹದಿಂದ ಕಂಪ್ಯೂಟರಿಗೆ ಇಳಿಸಿದ ಕೆಲಸ ಅದು. ಪಹಣಿ ನೋಡಲು ಹೋದರೆ ಅದು ನಿಮ್ಮ ಹೆಸರು ಕೇಳುವುದಿಲ್ಲ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್ನಾಕ್, ಹಿಸ್ಸಾ. ಒಂದನ್ನು ಆರಿಸಿದರೆ ಮುಂದಿನದರ ಪಟ್ಟಿ ಬರುತ್ತದೆ. ಪ್ರತಿ ಪಟ್ಟಿಯೂ ಒಂದೊಂದು ಪುಟ್ಟ ಕ್ವೆರಿ. ತಪ್ಪಾಗಿ ಕುಟ್ಟಲು ಎಡೆಯೇ ಕಡಿಮೆ. ಸರ್ನಾಕ್ ಅಂದರೇನು ಅಂತ ಕೇಳಬೇಡಿ, ಸೈಬರ್ ಸೆಂಟರಿನವರೂ ನಕ್ಷತ್ರ ಚಿಹ್ನೆ ಒತ್ತಿ ಮುಂದೆ ಹೋಗುತ್ತಾರೆ.

ಪಹಣಿ ಅಂದಮೇಲೆ ಎಕರೆ ಗುಂಟೆಯ ಮಾತು ಬರಲೇಬೇಕು. ಒಂದು ಸೊಸೈಟಿಯ ಸಾಲದ ಪುಟದಲ್ಲಿ ಕಣ್ಣಾರೆ ಕಂಡದ್ದು. ರೈತರು ಎರಡು ಎಕರೆ ಮೂವತ್ತು ಗುಂಟೆಯನ್ನು 2.30 ಎಂದು ಬರೆಯುತ್ತಾರೆ. ಕಾಲಂ ಮಾಡಿದ ಹುಡುಗ ಚುಕ್ಕಿ ಕಂಡು ದಶಮಾಂಶ ಅಂದುಕೊಂಡು ಫ್ಲೋಟ್ ಇಟ್ಟಿದ್ದ. ಡೇಟಾಬೇಸಿಗೆ ಕೊನೆಯ ಸೊನ್ನೆ ಬೇಕಿಲ್ಲ, ಪುಟದಲ್ಲಿ 2.3 ಬಂತು. ಓದುವ ರೈತನಿಗೆ ಅದು ಎರಡು ಎಕರೆ ಮೂರು ಗುಂಟೆ. 27 ಗುಂಟೆ ಜಮೀನು ಒಂದು ಸೊನ್ನೆಯ ಜೊತೆ ಹೋಯಿತು. ಕೂಡಿಸಿದಾಗ ಇನ್ನೂ ಚೆಂದ: 1.30ಕ್ಕೆ 1.20 ಸೇರಿಸಿದರೆ ಯಂತ್ರ 2.50 ಅನ್ನುತ್ತದೆ, ಆದರೆ 40 ಗುಂಟೆಗೆ ಒಂದು ಎಕರೆ, ಹಾಗಾಗಿ ಬರಬೇಕಾದದ್ದು 3.10. ಎಲ್ಲವನ್ನೂ ಗುಂಟೆಯಲ್ಲಿ, ಪೂರ್ಣಾಂಕವಾಗಿ ಇಟ್ಟುಕೊಳ್ಳಿ. ಆಣೆಯೂ ಬೇಕಾದರೆ 16 ಆಣೆಗೆ ಒಂದು ಗುಂಟೆ, ಆಣೆಯಲ್ಲೇ ಇಡಿ. ತೋರಿಸುವಾಗ ಭಾಗಿಸಿ, ‘2 ಎಕರೆ 30 ಗುಂಟೆ’ ಎಂದು ಬಿಡಿಸಿ ಬರೆಯಿರಿ. ಚುಕ್ಕಿಯ ಸಹವಾಸವೇ ಬೇಡ.

ಇದೇ ಜಾತಿಯ ಇನ್ನೊಂದು, ತಾರೀಖು. ಖಾಲಿ ಬಿಟ್ಟ ತಾರೀಖನ್ನು ಹಾಗೇ ಮುದ್ರಿಸಲು ಹೋದರೆ ಪುಟದಲ್ಲಿ 01-01-1970 ಕಾಣುತ್ತದೆ, ಯಂತ್ರದ ಕಾಲಗಣನೆ ಶುರುವಾಗುವುದೇ ಅವತ್ತಿನಿಂದ. ಪಿಂಚಣಿಯ ಕೊನೆಯ ಕಂತು 1970ರಲ್ಲಿ ಬಂದಿದೆ ಎಂದು ಓದಿಕೊಂಡ ಮುದುಕರ ಮುಖ ನೀವು ನೋಡಿಲ್ಲ.

ಅಪಾಸ್ಟ್ರಫಿ ವಿಷಯ ನೀವು ಪಾಠದಲ್ಲಿ ಓದಿರುತ್ತೀರಿ, ಎಸ್‌ಕ್ಯೂಎಲ್ ಇಂಜೆಕ್ಷನ್ ಎಂದು, ಕಳ್ಳರ ಕಥೆಯಾಗಿ. 1998ರಲ್ಲೇ ಫ್ರ್ಯಾಕ್ ಎಂಬ ಹ್ಯಾಕರುಗಳ ಪತ್ರಿಕೆಯಲ್ಲಿ ಇದು ಬಯಲಾಗಿತ್ತು. ಆದರೆ ನಮ್ಮಲ್ಲಿ ಈ ತೂತನ್ನು ತೋರಿಸಿಕೊಡಲು ಕಳ್ಳರೇ ಬರಬೇಕಿಲ್ಲ, ಮಂಗಳೂರಿನ ಕಡೆಯವರು ಯಾರಾದರೂ ತಮ್ಮ ಹೆಸರು ಬರೆದರೆ ಸಾಕು. ಡಿ'ಸೋಜ, ಡಿ'ಸಿಲ್ವ. ಹೆಸರನ್ನು ಕ್ವೆರಿಯ ನಡುವೆ ಅಂಟಿಸಿ ಕಳಿಸಿದರೆ ಅವರ ಹೆಸರಿನ ಆ ಒಂದು ಚಿಹ್ನೆ ಕ್ವೆರಿಯ ಉದ್ಧರಣೆಯನ್ನು ಮುಚ್ಚಿಬಿಡುತ್ತದೆ. ಉಳಿದದ್ದು ಅರ್ಥವಾಗದೆ ಡೇಟಾಬೇಸ್ ಕೈಚೆಲ್ಲುತ್ತದೆ. ಬಾಯಿ ಮುಚ್ಚಿಕೊಂಡ ಹಳೇ ಪಿಎಚ್‌ಪಿ ‘ದಾಖಲೆ ಲಭ್ಯವಿಲ್ಲ’ ಎಂದು ತೋರಿಸುತ್ತದೆ. ಹಳೇ ಪಿಎಚ್‌ಪಿಯಲ್ಲಿ ಇದಕ್ಕೆ ಮ್ಯಾಜಿಕ್ ಕೋಟ್ಸ್ ಎಂಬ ಮಾಟ ಮಾಡಿದ್ದರು. ಚಿಹ್ನೆಯ ಹಿಂದೆ ತಾನೇ ಒಂದು ಓರೆಗೆರೆ ಸೇರಿಸುತ್ತಿತ್ತು. ಅದರ ಮೇಲೆ ನಮ್ಮ ಕೋಡೂ ಇನ್ನೊಂದು ಸೇರಿಸುತ್ತಿತ್ತು. ವಿಳಾಸ ತಿದ್ದಲು ಒಬ್ಬರು ನಾಲ್ಕು ಸಲ ಉಳಿಸಿದರೆ ಅವರ ಹೆಸರಿನ ನಡುವೆ ಓರೆಗೆರೆಗಳ ಬೇಲಿಯೇ ಎದ್ದಿರುತ್ತಿತ್ತು. 2012ರ 5.4 ಆವೃತ್ತಿಯಲ್ಲಿ ಅದನ್ನು ಕಿತ್ತುಹಾಕಿದರು, ಪುಣ್ಯ. ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಿ. ಪ್ರಶ್ನೆ ಬೇರೆ ದಾರಿಯಲ್ಲಿ, ಹೆಸರು ಬೇರೆ ದಾರಿಯಲ್ಲಿ ಹೋಗಲಿ. ಕಳ್ಳರೂ ನಿಲ್ಲುತ್ತಾರೆ, ಡಿ'ಸೋಜ ಅವರಿಗೂ ಬಾಗಿಲು ತೆರೆಯುತ್ತದೆ.

ಇನ್ನೊಂದು ಬಗೆಯ ‘ಇಲ್ಲ’ ನಿಮ್ಮ ಪುಟದ ಅಡಿಯಲ್ಲಿದೆ: 1, 2, 3, ಮುಂದೆ. 180 ಜನರನ್ನು ಇಪ್ಪತ್ತಿಪ್ಪತ್ತಾಗಿ ಒಡೆಯಲು ಲಿಮಿಟ್, ಆಫ್‌ಸೆಟ್ ಹಾಕುತ್ತೀರಿ. ಆರ್ಡರ್ ಬೈ ಮರೆಯುತ್ತೀರಿ. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಈ ಟೇಬಲ್ಲುಗಳ ಮಾದರಿಯನ್ನು ಮುಂದಿಟ್ಟಾಗ ಸಾಲುಗಳಿಗೆ ಹಿಂದು ಮುಂದು ಇಟ್ಟಿರಲಿಲ್ಲ. ಅದೊಂದು ಗಣ, ಗೋಣಿಚೀಲದಲ್ಲಿನ ರಾಗಿಯ ಹಾಗೆ. ಕ್ರಮ ಬೇಕಾದರೆ ಕೇಳಿ ಪಡೆಯಬೇಕು. ಕೇಳದಿದ್ದರೆ ಪ್ರತಿ ಸಲವೂ ಡೇಟಾಬೇಸ್ ತನಗೆ ಅನುಕೂಲವಾದ ಕ್ರಮದಲ್ಲಿ ಕೊಡಬಹುದು. ಆಗ ಮೊದಲ ಪುಟದಲ್ಲಿ ಬಂದವರು ಎರಡನೆಯದರಲ್ಲೂ ಬರುತ್ತಾರೆ, ಯಾರೋ ಒಬ್ಬರು ಯಾವ ಪುಟದಲ್ಲೂ ಬರುವುದಿಲ್ಲ. ಒಟ್ಟು 180 ಸರಿಯಾಗೇ ಇರುತ್ತದೆ, ಅದೇ ಮೋಸ. ಹೆಸರಿನ ಕ್ರಮ ಕೇಳಿದರೂ ಸಾಲದು. ಒಂದೇ ಹೆಸರಿನವರು ನಾಲ್ಕು ಜನ ಇದ್ದರೆ ಅವರೊಳಗೆ ಮತ್ತೆ ಕ್ರಮ ತಪ್ಪುತ್ತದೆ. ಹೆಸರು, ಆಮೇಲೆ ಸದಸ್ಯರ ಸಂಖ್ಯೆ, ಎರಡನ್ನೂ ಹೇಳಿ.

ಅಕ್ಷರಕ್ರಮದಲ್ಲೂ ಕನ್ನಡಕ್ಕೊಂದು ತೊಡಕು. ಶಾಲೆಯಲ್ಲಿ ಕಲಿತ ವರ್ಣಮಾಲೆಯಲ್ಲಿ ಳ ಕೊನೆಗೆ, ಹ ಆದ ಮೇಲೆ. ಯೂನಿಕೋಡಿನ ಸಂಕೇತದ ಪಟ್ಟಿಯಲ್ಲಿ ಳ ಕೂತಿರುವುದು ಲ ಪಕ್ಕದಲ್ಲಿ, ವ ಬರುವುದಕ್ಕೆ ಮುಂಚೆ. ಸಂಕೇತದ ಅಂಕಿ ಹಿಡಿದೇ ಜೋಡಿಸುವ ಬೈನರಿ ಕೊಲೇಷನ್ ಇಟ್ಟರೆ ಊರುಗಳ ಪಟ್ಟಿಯಲ್ಲಿ ಕಳಸ ಮೊದಲು ಬಂದು ಕವಿತಾಳ ಆಮೇಲೆ ಬರುತ್ತದೆ. ನಿಘಂಟು ನೋಡಿ ಅಭ್ಯಾಸವಿರುವ ಮೇಷ್ಟ್ರು ಕವಿತಾಳ ದಾಟಿ ಕೆಳಕ್ಕೆ ಕೆಳಕ್ಕೆ ಹುಡುಕಿ, ಕಳಸ ಈ ಪಟ್ಟಿಯಲ್ಲಿ ಇಲ್ಲ ಎಂದು ಕನ್ನಡಕ ತೆಗೆದಿಡುತ್ತಾರೆ. ಕನ್ನಡದ ಕ್ರಮ ಬಲ್ಲ ಕೊಲೇಷನ್ ಯಾವುದು ಎಂದು ನಿಮ್ಮ ಡೇಟಾಬೇಸಿನಲ್ಲಿ ಹತ್ತು ಹೆಸರು ಹಾಕಿ ಪರೀಕ್ಷೆ ಮಾಡಿಯೇ ಆರಿಸಿ. ನಂಬಬೇಡಿ, ನೋಡಿ.

ನಿಧಾನವಾದ ಪುಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸದಸ್ಯರ ಪಟ್ಟಿಗೆ ಒಂದು ಕ್ವೆರಿ, ಆಮೇಲೆ ಲೂಪಿನೊಳಗೆ ಒಬ್ಬೊಬ್ಬರ ಹಾಲಿಗೂ ಒಂದೊಂದು ಕ್ವೆರಿ ಹಾಕಿ 181 ಸಲ ಡೇಟಾಬೇಸಿನ ಬಾಗಿಲು ಬಡಿದವನು ನಾನು. ಊರಲ್ಲಿ ನೆಟ್ವರ್ಕ್ ಒಂದು ಕಡ್ಡಿ ಬಂದರೆ ದೊಡ್ಡದು. ಬಿಳಿ ಪುಟ ಕಂಡವರೂ ಅದನ್ನು ‘ಇಲ್ಲ’ ಅಂತಲೇ ಓದುತ್ತಾರೆ.

ಅಜ್ಜಿಯ ಕಥೆ ಅರ್ಧಕ್ಕೆ ನಿಲ್ಲಿಸಿದ್ದೆ. ಕ್ವೆರಿ ಸರಿಮಾಡಿದ ಮೇಲೆ ಆಕೆಯ ಹೆಸರು ಬಂತು, ಮುಂದೆ ಹಾಲಿನ ಕಾಲಂನಲ್ಲಿ ನಲ್. ಪುಟದಲ್ಲಿ ಖಾಲಿ ಚೌಕ ಬೋಳುಬೋಳಾಗಿ ಕಂಡಿತು. ನಲ್ ಇದ್ದ ಕಡೆ ಸೊನ್ನೆ ತೋರಿಸು ಎಂದು ಬರೆಯಲು ಕೋಲೆಸ್ ಎಂಬ ಫಂಕ್ಷನ್ ಇದೆ. ಹಾಕಿದೆ. ‘0.0 ಲೀಟರ್’ ಎಂದು ಅಚ್ಚುಕಟ್ಟಾಗಿ ಬಂತು. ಕೆಳಗೆ ‘ಈ ತಿಂಗಳು ನಿಮ್ಮ ಲೆಕ್ಕದಲ್ಲಿ ಹಾಲು ಬಂದಿಲ್ಲ. ನಿಮ್ಮ ಸದಸ್ಯತ್ವಕ್ಕೆ ಏನೂ ಆಗಿಲ್ಲ’ ಎಂಬ ಸಾಲನ್ನೂ ಬರೆದೆ, ಈ ಸಲ ಯೋಚಿಸಿಯೇ ಬರೆದೆ. ಸೆಕ್ರೆಟರಿ ಅದನ್ನು ಕಂಪ್ಯೂಟರಿನಲ್ಲಿ ತೋರಿಸಿ ಓದಿ ಹೇಳಿದರು. ನಾನೂ ಅವತ್ತು ಅಲ್ಲೇ ಇದ್ದೆ.

ಅಜ್ಜಿಗೆ ಸಮಾಧಾನ ಆಗಲಿಲ್ಲ.

“ಸೊನ್ನೆ ಯಾಕಪ್ಪಾ ಹಾಕಿದ್ದೀಯಾ?”

“ಹಾಲು ಬಂದಿಲ್ಲವಲ್ಲ ಅಜ್ಜಿ.”

“ಸೊನ್ನೆ ಹಾಕೋದು ನೀರು ಬೆರ್ಸಿ ತಂದು ವಾಪಸ್ ಹೊತ್ಕೊಂಡು ಹೋದೋರಿಗೆ. ನಾನು ತಂದೇ ಇಲ್ಲ. ನನ್ ಹಸ ಗಬ್ಬ.”

ಸೆಕ್ರೆಟರಿ ನನ್ನ ಮುಖ ನೋಡಿದರು. ಡೇರಿಯ ಪುಸ್ತಕ ತೆಗೆದು ನೋಡಿದೆವು. ಆಕೆ ಹೇಳಿದ್ದು ಸರಿ. ಪರೀಕ್ಷೆಯಲ್ಲಿ ಬಿದ್ದ ಹಾಲಿಗೆ ಮಾತ್ರ ಅಲ್ಲಿ ಸೊನ್ನೆ ಬರೆಯುತ್ತಿದ್ದರು. ಹಾಲು ತರದವರ ಚೌಕ ಖಾಲಿ ಬಿಡುತ್ತಿದ್ದರು. ಸೊನ್ನೆಗೂ ನಲ್‌ಗೂ ಇರುವ ವ್ಯತ್ಯಾಸವನ್ನು ನಾನು ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದು ಪಾಸಾಗಿದ್ದೆ.

ಕೋಲೆಸ್ ತೆಗೆದೆ. ಚೌಕ ಖಾಲಿ ಬಿಟ್ಟೆ. ಪಕ್ಕದಲ್ಲಿ ಒಂದು ಕಾಲಂ ಸೇರಿಸಿದೆ. ಅದಕ್ಕೆ ಏನು ಹೆಸರಿಡಲಿ ಎಂದು ಕೇಳಿದಾಗ ಸೆಕ್ರೆಟರಿ ‘ಷರಾ’ ಅಂದರು. ಆ ಕಾಲಂನ ಮೊದಲ ನಮೂದನ್ನು ಅಜ್ಜಿಯೇ ನಿಂತು ಹೇಳಿ ಬರೆಸಿತು: ಹಸು ಗಬ್ಬ, ಗೌರಿ ಹಬ್ಬಕ್ಕೆ ಈಯುತ್ತದೆ.

ಇಂತಿ ನಿಮ್ಮವನೇ,
180 ಹೆಸರು ಎರಡು ಸಲ ಕುಟ್ಟಿದವನು